ಕೊಡುವ ಕೈ, ಲೆಕ್ಕ ಹಾಕುವ ಯಂತ್ರ

(ಸಂಘದ ರಜತ ಮಹೋತ್ಸವ ಸಮಾರಂಭದಲ್ಲಿ ಆಡಳಿತ ಮಂಡಳಿಯ ನಿರ್ದೇಶಕರೊಬ್ಬರು ಮಾಡಿದ ಭಾಷಣದ ಬರಹ ರೂಪ)



ಮೊದಲಿಗೆ, ಮನೆ ಮನೆ ತಿರುಗಿ ಷೇರು ಹಣ ಕೂಡಿಸಿ ಈ ಸಂಘವನ್ನು ಕಟ್ಟಿದ ಹಿರಿಯರನ್ನು ನೆನೆಯುತ್ತೇವೆ. ಅವರಲ್ಲಿ ಕೆಲವರು ಇವತ್ತು ನಮ್ಮೊಂದಿಗಿಲ್ಲ. 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಹಚ್ಚಿದ ಸಹಕಾರದ ದೀಪ ಊರಿಂದ ಊರಿಗೆ ಬಂದು ನಮ್ಮೂರಿನ ಡೇರಿ ಬಾಗಿಲಿಗೂ ಮುಟ್ಟಿದೆ. ಅದು ಆರದ ಹಾಗೆ ನೋಡಿಕೊಳ್ಳುವ ಭಾರ ಈಗ ನಮ್ಮ ನಿಮ್ಮ ಮೇಲಿದೆ.

ನಮಗೆ ಕೊಟ್ಟಿರುವ ವಿಷಯ ಸ್ವಲ್ಪ ಹೊಸದು. ಧರ್ಮ ಕಾರ್ಯ ಮಾಡುವ ಸಂಸ್ಥೆಗಳು ಕೃತಕ ಬುದ್ಧಿಮತ್ತೆಯನ್ನು, ಅಂದರೆ ಎಲ್ಲರೂ ಏ.ಐ. ಏ.ಐ. ಅಂತಾರಲ್ಲ ಅದನ್ನು, ಹೇಗೆ ಜವಾಬ್ದಾರಿಯಿಂದ ಬಳಸಬೇಕು ಎಂಬುದು. "ಎಸ್.ಎಸ್.ಎಲ್.ಸಿ. ಓದಿದ ರೈತನಿಗೂ ಏ.ಐ.ಗೂ ಏನು ಸಂಬಂಧ?" ಎಂದು ನಿಮ್ಮಲ್ಲಿ ಕೆಲವರು ನಗಬಹುದು. ನಗ್ರಿ, ಬೇಜಾರಿಲ್ಲ. ಆದರೆ ಇದು ನಮ್ಮ ಸಂಘದ ಬಾಗಿಲಿಗೆ ಆಗಲೇ ಬಂದು ನಿಂತಿರುವ ವಿಷಯ. ಅದಕ್ಕೇ ನಾವು ತಿಳಿದವರನ್ನು ಕೇಳಿ, ಓದಿ, ನಾಲ್ಕು ಮಾತು ಕೂಡಿಸಿಕೊಂಡು ಬಂದಿದ್ದೇವೆ.

ವಿಷಯ ಇಷ್ಟು. ಹೊರಗಿನ ಒಂದು ಸೇವಾ ಸಂಸ್ಥೆಯವರು ನಮ್ಮ ಸಂಘಕ್ಕೆ ಬಂದಿದ್ದರು. ಒಳ್ಳೆಯ ಜನ. ನಮ್ಮ ಸದಸ್ಯರ ಪೈಕಿ ತೀರಾ ಕಷ್ಟದಲ್ಲಿರುವ ನಲವತ್ತು ಮನೆಗಳಿಗೆ ಮಕ್ಕಳ ಓದಿನ ಖರ್ಚಿಗೆ ಸಹಾಯ ಮಾಡುತ್ತೇವೆ ಎಂದರು. ಯಾವ ನಲವತ್ತು ಮನೆ ಎಂಬುದನ್ನು ತಮ್ಮ ಏ.ಐ. ಕಂಪ್ಯೂಟರ್ ಆರಿಸುತ್ತದೆ, ಅದರಲ್ಲಿ ವಶೀಲಿ ನಡೆಯುವುದಿಲ್ಲ ಎಂದರು. ಅದಕ್ಕೆ ಎಲ್ಲ ಸದಸ್ಯರ ಹೆಸರು, ಫೋನ್ ನಂಬರು, ಆಧಾರ್ ನಂಬರು, ಜಮೀನು, ರಾಸುಗಳ ಲೆಕ್ಕ, ಮೂರು ವರ್ಷದ ಹಾಲಿನ ಬಟವಾಡೆ, ಇಷ್ಟನ್ನೂ ಒಂದು ಪೆನ್‌ಡ್ರೈವ್‌ನಲ್ಲಿ ಹಾಕಿಕೊಡಿ ಎಂದು ಕೇಳಿದರು. ಆಡಳಿತ ಮಂಡಳಿ ಒಪ್ಪಲೂ ಇಲ್ಲ, ತಳ್ಳಿಹಾಕಲೂ ಇಲ್ಲ. ಮಹಾಸಭೆಯ ಮುಂದಿಟ್ಟು ತೀರ್ಮಾನ ಮಾಡೋಣ ಎಂದು ನಡಾವಳಿ ಬರೆದಿದ್ದೇವೆ. ಮಹಾಸಭೆಯಲ್ಲಿ ಕೈ ಎತ್ತುವ ಮೊದಲು ನೀವೆಲ್ಲ ವಿಷಯ ತಿಳಿದಿರಬೇಕು ಎಂಬುದೇ ಈ ಭಾಷಣದ ಉದ್ದೇಶ.

ಈ ಏ.ಐ. ಎಂದರೇನು?

ನಮ್ಮ ಡೇರಿಯ ಭಾಷೆಯಲ್ಲೇ ಹೇಳುತ್ತೇವೆ. ಮೊದಲು ಹಾಲಿನ ಫ್ಯಾಟ್ ನೋಡಬೇಕಾದರೆ ಆಸಿಡ್ ಹಾಕಿ, ಗಾಜಿನ ನಳಿಕೆಯನ್ನು ಗಿರಗಿರ ತಿರುಗಿಸಿ, ಕೊಬ್ಬು ಮೇಲೆ ಬಂದ ಮೇಲೆ ಗೆರೆ ಎಣಿಸುತ್ತಿದ್ದರು. ಅದು ಗರ್ಬರ್ ವಿಧಾನ. ಅಲ್ಲಿ ಕೊಬ್ಬು ಕಣ್ಣಿಗೆ ಕಾಣುತ್ತದೆ. ಈಗಿನ ಯಂತ್ರ ಕೊಬ್ಬನ್ನು ಬೇರ್ಪಡಿಸುವುದಿಲ್ಲ. ಹಾಲಿನೊಳಗೆ ಶಬ್ದದ ಅಲೆ ಹಾಯಿಸಿ, ಅದು ಹೇಗೆ ಹೋಯಿತು ಎಂಬುದರ ಮೇಲೆ ಫ್ಯಾಟ್ ಇಷ್ಟಿರಬೇಕು ಎಂದು ಲೆಕ್ಕ ಹಾಕಿ ಚೀಟಿ ಕೊಡುತ್ತದೆ. ಲೆಕ್ಕ ಸಾಮಾನ್ಯವಾಗಿ ಸರಿಯಾಗಿಯೇ ಬರುತ್ತದೆ. ಆದರೆ ಹಸುವಿನ ಹಾಲಿಗೆ ಹೊಂದಿಸಿದ ಯಂತ್ರಕ್ಕೆ ಎಮ್ಮೆ ಹಾಲು ಹಾಕಿದರೆ? ತೊಳೆಯದೆ ಬಿಟ್ಟರೆ? ಆಗಲೂ ಅದು ಒಂದು ಅಂಕಿ ಕೊಟ್ಟೇ ಕೊಡುತ್ತದೆ. "ನನಗೆ ಗೊತ್ತಾಗಲಿಲ್ಲ" ಅಂತ ಹೇಳುವುದಿಲ್ಲ.

ಏ.ಐ. ಕೂಡ ಇದೇ ಜಾತಿಯದು. ಲಕ್ಷಾಂತರ ಹಳೆಯ ಉದಾಹರಣೆಗಳನ್ನು ನೋಡಿ, ಹಿಂದೆ ಹೀಗಿದ್ದಾಗ ಹೀಗಾಗಿತ್ತು, ಆದ್ದರಿಂದ ಈಗಲೂ ಹೀಗೇ ಇರಬೇಕು ಎಂದು ಅಂದಾಜು ಮಾಡುವ ಕಂಪ್ಯೂಟರ್ ಲೆಕ್ಕ. 2022ರ ನವೆಂಬರಿನಲ್ಲಿ ಬಂದ ಚಾಟ್‌ಜಿಪಿಟಿಯಂಥ ಮಾತಾಡುವ ಯಂತ್ರಗಳೂ ಮುಂದೆ ಯಾವ ಪದ ಬರಬಹುದು ಎಂಬ ಅಂದಾಜಿನ ಮೇಲೆಯೇ ಮಾತು ಹೆಣೆಯುತ್ತವೆ. ಮಾತು ನಯವಾಗಿರುತ್ತದೆ. ನಯವಾದದ್ದೆಲ್ಲ ನಿಜವಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲ ಅಂತ ನಮಗಿಂತ ಚೆನ್ನಾಗಿ ಬಲ್ಲವರು ಯಾರಿದ್ದಾರೆ?

ಹಾಗಂತ ಯಂತ್ರ ಬೇಡವೇ? ಬೇಕು. ಹಾಲು ಪರೀಕ್ಷೆ ಯಂತ್ರ ಬಂದ ಮೇಲೆ ಡೇರಿ ಮುಂದಿನ ಎಷ್ಟೋ ಜಗಳ ನಿಂತವು. ಉಳ್ಳವರಿಗೂ ಇಲ್ಲದವರಿಗೂ ಒಂದೇ ಚೀಟಿ ಬಂತು. ಆದರೆ ಚೀಟಿ ನೋಡಿ ಸದಸ್ಯರು "ಇನ್ನೊಂದು ಸಲ ಹಾಕ್ರಪ್ಪ" ಅಂದರೆ ಅವರ ಕಣ್ಣೆದುರೇ ಮತ್ತೆ ಹಾಕಿ ತೋರಿಸುತ್ತೇವೆ. ಈ ಹಕ್ಕು ಇರುವುದರಿಂದಲೇ ಯಂತ್ರದ ಮೇಲೆ ನಂಬಿಕೆ ಉಳಿದಿದೆ. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಟೋಗೋ ದೇಶದಲ್ಲಿ ನಡೆದದ್ದು

ಬಡವರನ್ನು ಏ.ಐ. ಆರಿಸುವುದು ಕಟ್ಟುಕಥೆಯಲ್ಲ. ಪಶ್ಚಿಮ ಆಫ್ರಿಕಾದಲ್ಲಿ ಟೋಗೋ ಎಂಬ ಚಿಕ್ಕ ದೇಶವಿದೆ. 2020ರಲ್ಲಿ ಕೊರೋನಾ ಬಂದು ಎಲ್ಲ ಬಾಗಿಲು ಹಾಕಿದಾಗ ಅಲ್ಲಿಯ ಸರಕಾರ ಏಪ್ರಿಲ್ ತಿಂಗಳಲ್ಲಿ "ನೊವಿಸ್ಸಿ" ಎಂಬ ಯೋಜನೆ ತಂದಿತು. ಅಲ್ಲಿಯ ಎವೆ ಭಾಷೆಯಲ್ಲಿ ಒಗ್ಗಟ್ಟು ಎಂಬ ಅರ್ಥ ಬರುವ ಪದವಂತೆ. ದುಡಿಮೆ ನಿಂತುಹೋದವರಿಗೆ ಫೋನ್ ಮೂಲಕವೇ ಹಣ ಕಳಿಸುವ ಯೋಜನೆ. ಬಟನ್ ಫೋನ್ ಇದ್ದರೂ ಸಾಕು, ಇಂಟರ್ನೆಟ್ ಬೇಡ. ಒಂದು ನಂಬರು ಒತ್ತಿ ವೋಟರ್ ಕಾರ್ಡಿನ ವಿವರ ಕೊಟ್ಟರೆ ಆಯಿತು. ಗಂಡಸರಿಗಿಂತ ಹೆಂಗಸರಿಗೆ ತುಸು ಹೆಚ್ಚು ಹಣ ಇಟ್ಟಿದ್ದರು ಎಂಬುದನ್ನು ನಮ್ಮ ತಾಯಂದಿರು ಗಮನಿಸಬೇಕು.

ಪಟ್ಟಣದಲ್ಲಿ ಕೆಲಸ ಆಯಿತು. ಹಳ್ಳಿಗಳಲ್ಲಿ ಬಡವರು ಯಾರು ಎಂಬುದೇ ತೊಡಕಾಯಿತು. ನಮ್ಮಲ್ಲಿರುವಂತೆ ಬಿ.ಪಿ.ಎಲ್. ಪಟ್ಟಿ ಅಲ್ಲಿರಲಿಲ್ಲ. ಕಾಯಿಲೆ ಹರಡುತ್ತಿರುವಾಗ ಮನೆ ಮನೆ ಗಣತಿ ಮಾಡುವ ಹಾಗೂ ಇರಲಿಲ್ಲ. ಆಗ ಗಿವ್‌ಡೈರೆಕ್ಟ್‌ಲಿ ಎಂಬ ದಾನ ಸಂಸ್ಥೆ ಮುಂದೆ ಬಂತು. ವಿಶ್ವವಿದ್ಯಾಲಯದ ವಿದ್ವಾಂಸರ ಜೊತೆ ಸೇರಿ ಎರಡು ಹಂತದಲ್ಲಿ ಕೆಲಸ ಮಾಡಿದರು. ಮೊದಲು ಉಪಗ್ರಹದ ಚಿತ್ರಗಳ ಮೇಲಿಂದ ಕಂಪ್ಯೂಟರ್ ಅತಿ ಬಡವಾದ 100 ಹೋಬಳಿಯಷ್ಟು ಪ್ರದೇಶಗಳನ್ನು ಗುರುತಿಸಿತು. ಆಮೇಲೆ ಆ ಪ್ರದೇಶದ ಜನ ಫೋನ್ ಬಳಸುವ ರೀತಿ, ಅಂದರೆ ಮಾತಾಡಿದ ವಿಷಯವಲ್ಲ, ಎಷ್ಟು ಕರೆ, ಯಾವಾಗ, ಎಷ್ಟು ಹೊತ್ತು ಎಂಬುದನ್ನು ನೋಡಿ ಯಾರು ದಿನಕ್ಕೆ ಒಂದೂಕಾಲು ಡಾಲರಿಗಿಂತ ಕಡಿಮೆಯಲ್ಲಿ ಬದುಕುತ್ತಿರಬಹುದು ಎಂದು ಅಂದಾಜು ಮಾಡಿತು. ಆ ಅಂದಾಜನ್ನು ಕಲಿಸಲಿಕ್ಕೆ ಮೊದಲೇ ಸಾವಿರಾರು ಜನರಿಗೆ ಫೋನ್ ಮಾಡಿ ಅವರ ಸಂಸಾರದ ಖರ್ಚು ವೆಚ್ಚ ಕೇಳಿ ಬರೆದುಕೊಂಡಿದ್ದರು. 2020ರ ನವೆಂಬರಿನಿಂದ ಹಣ ಹೋಗತೊಡಗಿತು. ಒಟ್ಟು ಒಂದು ಲಕ್ಷಕ್ಕೂ ಹೆಚ್ಚು ಜನರಿಗೆ ತಲುಪಿತು.

ಇಲ್ಲಿಯವರೆಗೆ ಹೊಗಳಿಕೆ. ಇನ್ನು ಮುಂದಿನದು ನಾವು ಕಲಿಯಬೇಕಾದದ್ದು. ಆ ವಿದ್ವಾಂಸರು ತಮ್ಮ ಕೆಲಸವನ್ನು ತಾವೇ ಪರೀಕ್ಷೆಗೆ ಒಡ್ಡಿ, 2022ರಲ್ಲಿ ನೇಚರ್ ಎಂಬ ವಿಜ್ಞಾನ ಪತ್ರಿಕೆಯಲ್ಲಿ ಒಳ್ಳೆಯದು ಕೆಟ್ಟದ್ದು ಎರಡನ್ನೂ ಪ್ರಕಟಿಸಿದರು. "ಈ ಪ್ರದೇಶದವರಿಗೆಲ್ಲ ಕೊಡು" ಎಂಬಂಥ ಸರಕಾರದ ಮುಂದಿದ್ದ ಬೇರೆ ದಾರಿಗಳಿಗೆ ಹೋಲಿಸಿದರೆ, ಅರ್ಹ ಬಡವರು ಬಿಟ್ಟುಹೋಗುವ ತಪ್ಪು ಈ ಯಂತ್ರದಿಂದ ಶೇಕಡ 4ರಿಂದ 21ರಷ್ಟು ಕಡಿಮೆಯಾಯಿತು. ಆದರೆ ಮನೆ ಮನೆಗೆ ಹೋಗಿ ಪೂರ್ತಿ ಪಟ್ಟಿ ಮಾಡಿಟ್ಟಿದ್ದರೆ ಆಗುತ್ತಿದ್ದುದಕ್ಕೆ ಹೋಲಿಸಿದರೆ, ಅದೇ ತಪ್ಪು ಶೇಕಡ 9ರಿಂದ 35ರಷ್ಟು ಹೆಚ್ಚಿತ್ತು.

ಇದರ ಅರ್ಥ ಏನಪ್ಪಾ ಅಂದರೆ, ಏನೂ ಗೊತ್ತಿಲ್ಲದ ಕಡೆ, ತುರ್ತಿನಲ್ಲಿ, ಯಂತ್ರ ಒಳ್ಳೆಯ ಆಸರೆ. ಆದರೆ ಮನೆ ಬಾಗಿಲಿಗೆ ಹೋಗಿ ನೋಡಿ ಬಂದ ಮನುಷ್ಯನಿಗೆ ಅದು ಸಮವಲ್ಲ. ಟೋಗೋದವರಿಗೆ ಪಟ್ಟಿ ಇರಲಿಲ್ಲ, ಹೊತ್ತೂ ಇರಲಿಲ್ಲ. ನಮಗೆ ಎರಡೂ ಇವೆ. ಡೇರಿಗೆ ಬೆಳಿಗ್ಗೆ ಸಂಜೆ ಬರುವ ಪ್ರತಿ ಮನೆಯ ಕಷ್ಟ ಸುಖ ನಮಗೆ ಗೊತ್ತು. ಹಾಗಿರುವಾಗ ಗೊತ್ತಿರುವುದನ್ನು ಬದಿಗಿಟ್ಟು ಅಂದಾಜಿನ ಹಿಂದೆ ಹೋಗುವುದು ಜಾಣತನವೇ?

ಇನ್ನೊಂದು ಮಾತು. ಫೋನಿನ ಲೆಕ್ಕ ನೋಡಿ ಬಡವರನ್ನು ಹುಡುಕಿದರೆ, ಫೋನೇ ಇಲ್ಲದವರು ಲೆಕ್ಕಕ್ಕೇ ಬರುವುದಿಲ್ಲ. ಎಲ್ಲರಿಗಿಂತ ಬಡವರು ಅವರೇ ಅಲ್ಲವೇ? ಇದನ್ನೂ ಆ ವಿದ್ವಾಂಸರೇ ಒಪ್ಪಿಕೊಂಡು ಬರೆದಿದ್ದಾರೆ.

ನಮ್ಮ ಲೆಡ್ಜರಿಗೆ ಗೊತ್ತಿಲ್ಲದ ಸಂಗತಿಗಳು

ಆ ಸೇವಾ ಸಂಸ್ಥೆಯವರು ಕೇಳಿದ್ದು ಹಾಲಿನ ಲೆಕ್ಕ. ಹಾಲಿನ ಲೆಕ್ಕ ನೋಡಿ ಬಡವರು ಯಾರು ಎಂದು ತಿಳಿಯುತ್ತದೆಯೇ? ನಾವು ಆಡಳಿತ ಮಂಡಳಿಯವರು ಒಂದು ಸಂಜೆ ಕೂತು ನಮ್ಮದೇ ಪುಸ್ತಕ ತೆಗೆದು ನೋಡಿದೆವು. ಹೆಸರು ಹೇಳುವುದಿಲ್ಲ, ಹೇಳಬಾರದು.

ಒಂದು ಮನೆಯಿಂದ ದಿನಕ್ಕೆ ಇಪ್ಪತ್ತು ಲೀಟರ್ ಹಾಲು ಬರುತ್ತದೆ. ಪುಸ್ತಕದ ಪ್ರಕಾರ ಊರಿನ ದೊಡ್ಡ ಕುಳಗಳಲ್ಲಿ ಒಂದು. ಆದರೆ ಹಸುಗಳೆಲ್ಲ ಸಾಲದ ಹಸು. ಬಟವಾಡೆ ದಿನ ಬಂದ ಹಣ ಮಾರನೆಯ ದಿನಕ್ಕೆ ಕಂತಿಗೂ ಹಿಂಡಿ ಬೂಸಾಕ್ಕೂ ಹೋಗುತ್ತದೆ. ಇನ್ನೊಂದು ಮನೆಯಿಂದ ಎರಡೇ ಲೀಟರ್. ಪುಸ್ತಕದ ಪ್ರಕಾರ ಬಡವರು. ಮಕ್ಕಳಿಬ್ಬರೂ ಬೆಂಗಳೂರಿನಲ್ಲಿ ಒಳ್ಳೆಯ ಕೆಲಸದಲ್ಲಿದ್ದಾರೆ, ಯಜಮಾನರು ಹೊತ್ತು ಹೋಗಲಿ ಅಂತ ಒಂದು ಹಸು ಕಟ್ಟಿದ್ದಾರೆ. ಮೂರನೆಯದು ಒಬ್ಬ ತಾಯಿಯದು. ಗಂಡ ತೀರಿಕೊಂಡು ಎರಡು ವರ್ಷವಾಗಿದೆ. ಹಾಲು ಹಾಕುವುದು ಆಕೆ, ಸದಸ್ಯತ್ವ ಇನ್ನೂ ಗಂಡನ ಹೆಸರಿನಲ್ಲಿದೆ, ಫೋನ್ ನಂಬರು ಮೈದುನನದು. ಕಂಪ್ಯೂಟರಿನ ಕಣ್ಣಿಗೆ ಆಕೆ ಇಲ್ಲವೇ ಇಲ್ಲ. ಅಲ್ಲಿ ಕಾಣುವುದು ಸತ್ತವರ ಹೆಸರು. ನಾಲ್ಕನೆಯವರು ಮಗಳ ಆಸ್ಪತ್ರೆ ಖರ್ಚಿಗೆ ಇದ್ದೆರಡು ರಾಸನ್ನೂ ಮಾರಿ ಹಾಲು ಹಾಕುವುದನ್ನೇ ನಿಲ್ಲಿಸಿದರು. ಅವರ ಲೆಕ್ಕ ಸೊನ್ನೆ. ಸೊನ್ನೆಯನ್ನು ಯಂತ್ರ "ಊರು ಬಿಟ್ಟರು" ಎಂದು ತಿಳಿಯುತ್ತದೋ "ಕಷ್ಟಕ್ಕೆ ಬಿದ್ದರು" ಎಂದು ತಿಳಿಯುತ್ತದೋ ಯಾರು ಬಲ್ಲರು?

ನಮ್ಮ ಲೆಡ್ಜರ್ ಸುಳ್ಳು ಹೇಳುವುದಿಲ್ಲ. ಹಾಲಿನ ಲೆಕ್ಕಕ್ಕೆ ಅದು ಸರಿ. ಹೊಟ್ಟೆಯ ಲೆಕ್ಕಕ್ಕೆ ಅದನ್ನು ಹಚ್ಚಿದರೆ ಎಡವಟ್ಟು.

ಆಗ ನಮ್ಮಲ್ಲೇ ಒಬ್ಬರು ನಿರ್ದೇಶಕರು ಒಂದು ಖಾರದ ಮಾತು ಹೇಳಿದರು. "ಅಲ್ಲ ಕಣ್ರಣ್ಣ, ಯಂತ್ರ ಬೇಡ, ಮನುಷ್ಯರೇ ಆರಿಸಲಿ ಅಂತೀರಲ್ಲ, ಮನುಷ್ಯರು ಆರಿಸಿದ ಪಟ್ಟಿಗಳ ಬಣ್ಣ ನಮಗೆ ಗೊತ್ತಿಲ್ವಾ? ಪಾರ್ಟಿ, ನೆಂಟಸ್ತಿಕೆ, ಕೇರಿ, ಎಲ್ಲ ನೋಡಿ ತಾನೆ ಹೆಸರು ಬರೆಯೋದು?" ಎಂದರು. ಈ ಮಾತನ್ನು ತಳ್ಳಿಹಾಕುವ ಹಾಗಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ಆ ದೃಷ್ಟಿಯಿಂದ, ಮುಖ ನೋಡಿ ಮಣೆ ಹಾಕದ ಒಂದು ಯಂತ್ರ ನಮ್ಮ ಜೊತೆಗಿದ್ದರೆ ಒಳ್ಳೆಯದೇ.

ಆದರೆ ಇದರಲ್ಲೂ ಒಂದು ಸೂಕ್ಷ್ಮವಿದೆ. ಯಂತ್ರ ಕಲಿಯುವುದು ಹಳೆಯ ಪಟ್ಟಿಗಳಿಂದ. ಹಳೆಯ ಪಟ್ಟಿಯಲ್ಲಿ ಪಕ್ಷಪಾತ ಇದ್ದರೆ ಅದನ್ನೇ ಕಲಿತು, ಅದಕ್ಕೆ ಕಂಪ್ಯೂಟರಿನ ಮುದ್ರೆ ಒತ್ತಿ ಕೊಡುತ್ತದೆ. ನೆದರ್‌ಲ್ಯಾಂಡ್ಸ್ ದೇಶದಲ್ಲಿ ಮಕ್ಕಳ ಪಾಲನೆಗೆಂದು ಸರಕಾರ ಕೊಡುತ್ತಿದ್ದ ನೆರವಿನಲ್ಲಿ ಮೋಸಗಾರರನ್ನು ಹುಡುಕಲು ಇಂಥ ಲೆಕ್ಕ ಇಟ್ಟಿದ್ದರು. ಆ ದೇಶದ ಪೌರತ್ವ ಇಲ್ಲದವರನ್ನು ಅದು ಹೆಚ್ಚು ಅನುಮಾನದಿಂದ ನೋಡಿತು. ಹತ್ತಾರು ಸಾವಿರ ತಂದೆತಾಯಿಗಳು ತಪ್ಪು ಮಾಡದೆ ಮೋಸಗಾರರೆನಿಸಿಕೊಂಡು, ಪಡೆದ ನೆರವನ್ನೆಲ್ಲ ವಾಪಸು ಕಟ್ಟಿ ಎಂಬ ನೋಟೀಸು ಬಂದು ಸಾಲದಲ್ಲಿ ಮುಳುಗಿದರು. ಕೊನೆಗೆ 2021ರ ಜನವರಿಯಲ್ಲಿ ಅಲ್ಲಿಯ ಮಂತ್ರಿಮಂಡಲವೇ ರಾಜೀನಾಮೆ ಕೊಟ್ಟಿತು. ಮುಂದುವರಿದ ದೇಶದಲ್ಲೇ ಹೀಗಾದರೆ ನಮ್ಮ ಪಾಡೇನು? ಯಂತ್ರ ತಪ್ಪಿತು ಎಂಬುದಕ್ಕಿಂತ, "ನಮ್ಮದು ತಪ್ಪಿಲ್ಲ, ನೋಡಿ" ಎಂದು ಬಂದವರ ಮಾತನ್ನು ಕೇಳುವವರು ಇರಲಿಲ್ಲ ಎಂಬುದೇ ಅಲ್ಲಿಯ ದೊಡ್ಡ ದುರಂತ.

ಸೇವಾ ಸಂಸ್ಥೆಗಳೇ ಎಡವಿದ ಎರಡು ಉದಾಹರಣೆ

ಎರಡೂ ಅಮೆರಿಕದವು. ಊಟ ತಿಂಡಿಯ ವಿಷಯದಲ್ಲಿ ಮನಸ್ಸಿನ ಕಾಯಿಲೆಗೆ ಸಿಕ್ಕಿ, ತೂಕದ ಚಿಂತೆಯಲ್ಲಿ ಊಟ ಬಿಟ್ಟು ಸೊರಗುವವರಿಗಾಗಿ ಅಲ್ಲಿ ನ್ಯಾಷನಲ್ ಈಟಿಂಗ್ ಡಿಸಾರ್ಡರ್ಸ್ ಅಸೋಸಿಯೇಷನ್ ಎಂಬ ಸಂಸ್ಥೆಯಿದೆ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಅವರ ಸಹಾಯವಾಣಿಯಲ್ಲಿ ಮನುಷ್ಯರೇ ಮಾತಾಡುತ್ತಿದ್ದರು. 2023ರಲ್ಲಿ ಆ ಸಹಾಯವಾಣಿ ಮುಚ್ಚುವುದಾಗಿ ಸಂಸ್ಥೆ ತೀರ್ಮಾನಿಸಿತು. "ಟೆಸ್ಸಾ" ಎಂಬ ಉತ್ತರ ಕೊಡುವ ಯಂತ್ರ ಇದ್ದೇ ಇತ್ತು. ಮೇ ತಿಂಗಳ ಕೊನೆಯ ಹೊತ್ತಿಗೆ ಆ ಟೆಸ್ಸಾ, ಊಟ ಬಿಟ್ಟು ಸೊರಗುತ್ತಿರುವವರಿಗೇ ತಿನ್ನುವುದು ಕಡಿಮೆ ಮಾಡಿ, ತೂಕ ಇಳಿಸಿ ಎಂದು ಸಲಹೆ ಕೊಡುತ್ತಿರುವುದು ಬೆಳಕಿಗೆ ಬಂತು. ಕೂಡಲೇ ಅದನ್ನು ನಿಲ್ಲಿಸಿದರು. ಮೊದಲು ಅದರಲ್ಲಿದ್ದದ್ದು ತಿಳಿದವರು ಬರೆದಿಟ್ಟ ಉತ್ತರಗಳು ಮಾತ್ರ. ಆಮೇಲೆ ಅದನ್ನು ನಡೆಸುತ್ತಿದ್ದ ಕಂಪನಿ ತಾನೇ ಮಾತು ಹುಟ್ಟಿಸುವ ಏ.ಐ. ಸೇರಿಸಿತ್ತು. ಅದು ತಮಗೆ ಗೊತ್ತಿರಲಿಲ್ಲ ಎಂದು ಸಂಸ್ಥೆಯವರು ಹೇಳಿದರು. ಪಾಠ ಏನು? ಯಂತ್ರ ತಂದು ಮನುಷ್ಯರನ್ನು ಕಳಿಸಿಬಿಟ್ಟರೆ, ಯಂತ್ರ ಹಾದಿ ತಪ್ಪಿದಾಗ ಹೇಳಲಿಕ್ಕೂ ಯಾರೂ ಉಳಿಯುವುದಿಲ್ಲ. ಗುತ್ತಿಗೆಗೆ ಕೊಟ್ಟ ಮಾತ್ರಕ್ಕೆ ಹೊಣೆ ಗುತ್ತಿಗೆದಾರನದಾಗುವುದಿಲ್ಲ.

ಎರಡನೆಯದು ಕ್ರೈಸಿಸ್ ಟೆಕ್ಸ್ಟ್ ಲೈನ್. ಸಾಯುವ ಯೋಚನೆ ಬಂದವರು ಮೆಸೇಜ್ ಕಳಿಸಿದರೆ ಸ್ವಯಂಸೇವಕರು ಸಮಾಧಾನ ಹೇಳುವ ಸಂಸ್ಥೆ, 2013ರಲ್ಲಿ ಶುರುವಾದದ್ದು. ಬಂದ ಮೆಸೇಜುಗಳಲ್ಲಿ ಯಾರಿಗೆ ಮೊದಲು ಉತ್ತರ ಕೊಡಬೇಕು, ಯಾರ ಜೀವಕ್ಕೆ ಹೆಚ್ಚು ಅಪಾಯ ಎಂಬುದನ್ನು ಕಂಪ್ಯೂಟರಿನಿಂದ ಆರಿಸಿಕೊಂಡರು. ಅದು ಒಳ್ಳೆಯ ಬಳಕೆ. ಒಪ್ಪೋಣ. ಆದರೆ ಆ ಮಾತುಕತೆಗಳನ್ನು, ಹೆಸರು ತೆಗೆದು, ತಾವೇ ಹುಟ್ಟುಹಾಕಿದ ಲೋರಿಸ್ ಎಂಬ ಲಾಭದ ಕಂಪನಿಯ ಜೊತೆ ಹಂಚಿಕೊಂಡಿದ್ದರು. ಗಿರಾಕಿಗಳ ಜೊತೆ ನಯವಾಗಿ ಮಾತಾಡಲು ಕಂಪನಿಗಳಿಗೆ ಕಲಿಸುವ ಸಾಫ್ಟ್‌ವೇರ್ ಅದರದು. 2022ರ ಜನವರಿಯಲ್ಲಿ ಇದು ಪತ್ರಿಕೆಯಲ್ಲಿ ಬಂದು ಗಲಾಟೆಯಾಗಿ, ಕೆಲವೇ ದಿನಗಳಲ್ಲಿ ಹಂಚಿಕೆ ನಿಲ್ಲಿಸಿದರು. ಷರತ್ತುಗಳನ್ನು ಓದಲು ಕೊಟ್ಟಿದ್ದೆವು ಎಂಬುದು ಅವರ ವಾದವಾಗಿತ್ತು. ಸಾಯುವ ಯೋಚನೆಯಲ್ಲಿರುವವರು ಷರತ್ತು ಓದುತ್ತಾ ಕೂರುತ್ತಾರೆಯೇ? ಕಷ್ಟ ಹೇಳಿಕೊಂಡವರ ಕಣ್ಣೀರು ಇನ್ನೊಬ್ಬರ ವ್ಯಾಪಾರಕ್ಕೆ ಬಂಡವಾಳವಾಗಬಾರದು. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಎಂದಾಗಬಾರದು.

ಒಳ್ಳೆಯ ದಾರಿಯೂ ಇದೆ

ಬರೀ ಹೆದರಿಸಿ ಕಳಿಸಲು ನಾವು ಇಲ್ಲಿ ನಿಂತಿಲ್ಲ. ನಮ್ಮ ರಾಜ್ಯಕ್ಕೇ ಸಂಬಂಧಪಟ್ಟ ಎರಡು ಒಳ್ಳೆಯ ಕೆಲಸ ಹೇಳುತ್ತೇವೆ.

ಡಿಜಿಟಲ್ ಗ್ರೀನ್ ಎಂಬ ಸಂಸ್ಥೆಯ ಕೆಲಸ ಶುರುವಾದದ್ದು 2006ರಲ್ಲಿ, ಬೆಂಗಳೂರಿನಲ್ಲಿ. ರೈತರ ಅನುಭವವನ್ನು ರೈತರಿಂದಲೇ ಹೇಳಿಸಿ, ವಿಡಿಯೋ ಮಾಡಿ, ಊರವರ ಮುಂದೆ ತೋರಿಸಿ ಚರ್ಚೆ ಮಾಡಿಸುವುದು ಅವರ ಪದ್ಧತಿ. ಅದೇ ಸಂಸ್ಥೆ ಈಗ ಫಾರ್ಮರ್‌ಚಾಟ್ ಎಂಬ ಏ.ಐ. ಸಲಹೆಗಾರನನ್ನು ಭಾರತ, ಕೀನ್ಯಾ, ಇಥಿಯೋಪಿಯಾ ಮುಂತಾದ ದೇಶಗಳಲ್ಲಿ ಬಳಸುತ್ತಿದೆ. ಬಾಯಿಗೆ ಬಂದದ್ದು ಹೇಳದೆ, ಪರಿಶೀಲಿಸಿ ಕೂಡಿಟ್ಟ ಕೃಷಿ ಮಾಹಿತಿಯಿಂದ ಉತ್ತರ ಕೊಡಬೇಕು ಎಂಬ ಕಟ್ಟುಪಾಡು ಹಾಕಿದ್ದಾರೆ. ಇದು ಸರಿಯಾದ ದಾರಿ. ಆದರೂ ಔಷಧಿಯ ಪ್ರಮಾಣ, ರಾಸಿನ ಕಾಯಿಲೆ ಇಂಥದ್ದರಲ್ಲಿ ಪಶುವೈದ್ಯರನ್ನೋ ಕೃಷಿ ಅಧಿಕಾರಿಯನ್ನೋ ಕೇಳದೆ ಮುಂದುವರಿಯಬೇಡಿ ಎಂದು ನಾವು ಸೇರಿಸುತ್ತೇವೆ. ಮಿಲಿಯನ್ನೂ ಗ್ರಾಮನ್ನೂ ಯಂತ್ರ ಅದಲುಬದಲು ಮಾಡಿದರೆ ಸಾಯುವುದು ನಮ್ಮ ಹಸು.

ಇನ್ನೊಂದು "ಕಾರ್ಯ" ಎಂಬ ಬೆಂಗಳೂರಿನ ಸಂಸ್ಥೆ. ಯಂತ್ರಕ್ಕೆ ಕನ್ನಡ ಬರಬೇಕಾದರೆ ಕನ್ನಡ ಮಾತಾಡುವವರ ಧ್ವನಿ ಬೇಕು. ಈ ಸಂಸ್ಥೆ ನಮ್ಮ ಕರ್ನಾಟಕದ ಹಳ್ಳಿಗಳ ಹೆಣ್ಣುಮಕ್ಕಳಿಗೂ ಆ ಕೆಲಸ ಕೊಟ್ಟಿದೆ. ಫೋನಿನಲ್ಲಿ ಬರುವ ಕನ್ನಡ ವಾಕ್ಯಗಳನ್ನು ತಮ್ಮ ಧ್ವನಿಯಲ್ಲಿ ಓದಿದರೆ ಗಂಟೆಗೆ ಸುಮಾರು ಐದು ಡಾಲರಿನಂತೆ ಕೂಲಿ. ಆ ಧ್ವನಿ ಭಂಡಾರ ಮತ್ತೆ ಮಾರಾಟವಾದರೆ ಅದರಲ್ಲೂ ಓದಿದವರಿಗೆ ಪಾಲು ಕೊಡುವ ನಿಯಮ ಇಟ್ಟುಕೊಂಡಿದ್ದಾರೆ. ಹಾಲು ಹಾಕಿದವರಿಗೆ ವರ್ಷದ ಕೊನೆಗೆ ಬೋನಸ್ ಕೊಡುತ್ತೇವಲ್ಲ, ಹಾಗೆ. ನಮ್ಮ ಮಾಹಿತಿಗೆ ಬೆಲೆಯಿದೆ, ಅದು ನಮ್ಮದು ಎಂಬುದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವುದು ಹೇಗೆ?

ಕಾನೂನು ಏನು ಹೇಳುತ್ತದೆ?

2023ರ ಆಗಸ್ಟ್‌ನಲ್ಲಿ ನಮ್ಮ ಸಂಸತ್ತು ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಮಾಡಿದೆ. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿ, ಹಂತ ಹಂತವಾಗಿ ಜಾರಿಯಾಗುವಂತೆ ಮಾಡಿದ್ದಾರೆ. ಅದರ ಸಾರಾಂಶ ಹೀಗೆ. ಒಬ್ಬರ ಮಾಹಿತಿ ಪಡೆಯಬೇಕಾದರೆ ಯಾವ ಕೆಲಸಕ್ಕೆ ಎಂದು ಸ್ಪಷ್ಟವಾಗಿ ತಿಳಿಸಿ ಒಪ್ಪಿಗೆ ಪಡೆಯಬೇಕು. ಆ ತಿಳಿವಳಿಕೆ ಪತ್ರವನ್ನು ಸಂವಿಧಾನದ ಎಂಟನೇ ಅನುಸೂಚಿಯ 22 ಭಾಷೆಗಳಲ್ಲಿ ತಮಗೆ ಬೇಕಾದ ಭಾಷೆಯಲ್ಲಿ ನೋಡುವ ಅವಕಾಶ ಇರಬೇಕು, ಅಂದರೆ ಕನ್ನಡದಲ್ಲಿ ಕೇಳುವ ಹಕ್ಕು ನಮಗಿದೆ. ಒಪ್ಪಿಗೆ ಕೊಟ್ಟಷ್ಟೇ ಸುಲಭವಾಗಿ ಅದನ್ನು ವಾಪಸು ಪಡೆಯಲೂ ಬರಬೇಕು. ತಪ್ಪಿದ್ದರೆ ತಿದ್ದಿಸುವ, ಅಳಿಸುವಂತೆ ಕೇಳುವ, ದೂರು ಹೇಳುವ ಹಕ್ಕುಗಳಿವೆ. ಗಂಭೀರ ತಪ್ಪಿಗೆ 250 ಕೋಟಿ ರೂಪಾಯಿವರೆಗೆ ದಂಡವಿದೆ.

ಒಂದು ಪೆನ್‌ಡ್ರೈವ್‌ನಲ್ಲಿ ಎಲ್ಲರ ಆಧಾರ್ ನಂಬರು ಹಾಕಿಕೊಡಲು ಆಡಳಿತ ಮಂಡಳಿ ಯಾರು? ಪುಸ್ತಕ ನಮ್ಮ ಬೀರುವಿನಲ್ಲಿದೆ ನಿಜ. ಒಳಗಿರುವುದು ನಿಮ್ಮ ಮನೆಯ ಸಂಗತಿ. ಹಾಲಿನ ಬಟವಾಡೆಗೆಂದು ಕೊಟ್ಟ ವಿವರವನ್ನು, ಎಷ್ಟೇ ಒಳ್ಳೆಯ ಕೆಲಸವಾದರೂ, ನಿಮ್ಮನ್ನು ಕೇಳದೆ ಇನ್ನೊಬ್ಬರಿಗೆ ಕೊಡುವ ಅಧಿಕಾರ ನಮಗಿಲ್ಲ.

ಮಹಾಸಭೆಯ ಮುಂದಿಡುವ ಸಲಹೆಗಳು

ಈ ಸಹಾಯವನ್ನು ಬೇಡವೆನ್ನುವುದು ಸರಿಯಲ್ಲ. ನಲವತ್ತು ಮನೆಯ ಮಕ್ಕಳ ಓದಿನ ಪ್ರಶ್ನೆ ಇದು. ಶಾಲೆ ಬಿಟ್ಟು ಗಾರೆ ಕೆಲಸಕ್ಕೆ, ಗಾರ್ಮೆಂಟ್ಸ್‌ಗೆ ಹೋಗುತ್ತಿರುವ ಮಕ್ಕಳನ್ನು ನೀವೂ ಕಂಡಿದ್ದೀರಿ. ಆದ್ದರಿಂದ ಸಂಸ್ಥೆಯವರಿಗೆ ಈ ಷರತ್ತುಗಳನ್ನು ಹಾಕಿ ಒಪ್ಪಿಕೊಳ್ಳೋಣ ಎಂಬುದು ನಮ್ಮ ಅಭಿಪ್ರಾಯ.

1. ಪ್ರತಿ ಸದಸ್ಯರಿಂದ ಬೇರೆ ಬೇರೆಯಾಗಿ ಒಪ್ಪಿಗೆ ಪಡೆಯಬೇಕು. ಕನ್ನಡದಲ್ಲಿ, ಓದು ಬಾರದವರಿಗೆ ಓದಿ ಹೇಳಿ. ಬೇಡ ಎಂದವರ ಹಾಲಿಗಾಗಲಿ, ಬೇರೆ ಸೌಲಭ್ಯಕ್ಕಾಗಲಿ ತೊಂದರೆ ಆಗಕೂಡದು.

2. ಕೆಲಸಕ್ಕೆ ಬೇಕಾದಷ್ಟೇ ಮಾಹಿತಿ. ಶಾಲೆ ಫೀಸಿನ ಸಹಾಯಕ್ಕೆ ಎಲ್ಲರ ಆಧಾರ್ ನಂಬರು ಬೇಕಿಲ್ಲ. ಮಂಜೂರಾದವರ ವಿವರ ಮಾತ್ರ ಆಮೇಲೆ ಪಡೆಯಲಿ.

3. ಯಂತ್ರ ಸಲಹೆ ಕೊಡಲಿ, ತೀರ್ಮಾನ ಮನುಷ್ಯರದಾಗಿರಲಿ. ಯಂತ್ರದ ಪಟ್ಟಿಯನ್ನು ಶಾಲೆಯ ಮೇಷ್ಟ್ರು, ಆಶಾ ಕಾರ್ಯಕರ್ತೆ, ಸ್ತ್ರೀಶಕ್ತಿ ಸಂಘದ ಇಬ್ಬರು, ನಾಲ್ಕೂ ಕೇರಿಯ ಒಬ್ಬೊಬ್ಬರು ಇರುವ ಸಮಿತಿ ಮನೆ ಮನೆಗೆ ಹೋಗಿ ನೋಡಲಿ. ಯಾರನ್ನು ಸೇರಿಸಿದರು, ಯಾರನ್ನು ತೆಗೆದರು, ಏಕೆ, ಎಂಬುದನ್ನು ಬರೆದಿಡಲಿ. ಯಂತ್ರದ ತಪ್ಪನ್ನು ಸಮಿತಿ ಹಿಡಿಯಲಿ, ಸಮಿತಿಯ ಪಕ್ಷಪಾತವನ್ನು ಯಂತ್ರ ತೋರಿಸಲಿ.

4. ಫೋನ್ ಇಲ್ಲದವರು, ಹೆಸರು ಬದಲಾವಣೆಯಾಗದ ವಿಧವೆಯರು, ರಾಸು ಮಾರಿದವರು ಡೇರಿಗೆ ಬಂದು ಬಾಯಿಮಾತಿನಲ್ಲೇ ಅರ್ಜಿ ಹೇಳಿ ಬರೆಸಲು ಅವಕಾಶವಿರಬೇಕು.

5. ಇಲ್ಲ ಎಂದವರಿಗೆ ಕಾರಣ ಹೇಳಬೇಕು. "ಕಂಪ್ಯೂಟರ್ ಹೇಳಿತು" ಎಂಬುದು ಕಾರಣವಲ್ಲ. ಹದಿನೈದು ದಿನದೊಳಗೆ ಮೇಲ್ಮನವಿ ಕೊಟ್ಟರೆ ಮತ್ತೆ ನೋಡಬೇಕು. ಹಾಲನ್ನು ಎರಡನೇ ಸಲ ಹಾಕಿ ನೋಡುವ ಹಕ್ಕು ಇಲ್ಲಿಯೂ ಇರಲಿ.

6. ಆಯ್ಕೆಯ ನಿಯಮಗಳನ್ನು ನೋಟೀಸ್ ಬೋರ್ಡಿನಲ್ಲಿ ಹಾಕಲಿ. ಸಹಾಯ ಪಡೆದವರ ಹೆಸರು ಹಾಕುವುದು ಬೇಡ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎಂದು ಹಿರಿಯರು ಹೇಳಿದ್ದು ಪಡೆಯುವವರ ಮಾನಕ್ಕಾಗಿ.

7. ಮಾಹಿತಿಯನ್ನು ಬೇರೆಯವರಿಗೆ ಕೊಡುವುದು, ಮಾರುವುದು, ಬೇರೆ ಯಂತ್ರಕ್ಕೆ ಕಲಿಸಲು ಬಳಸುವುದು ಕೂಡದು. ಕೆಲಸ ಮುಗಿದ ಮೇಲೆ ಅಳಿಸಿ, ಅಳಿಸಿದ್ದೇವೆ ಎಂದು ಬರೆದುಕೊಡಬೇಕು.

8. ವರ್ಷಕ್ಕೊಮ್ಮೆ, ಯಂತ್ರ ಬಿಟ್ಟ ಮನೆಗಳಲ್ಲಿ ಇಪ್ಪತ್ತನ್ನು ಚೀಟಿ ಎತ್ತಿ ಆರಿಸಿ ಹೋಗಿ ನೋಡಬೇಕು. ಎಷ್ಟು ಸರಿ, ಎಷ್ಟು ತಪ್ಪು ಎಂಬ ವರದಿ ಮಹಾಸಭೆಗೆ ಬರಬೇಕು. ಟೋಗೋದಲ್ಲಿ ಕೆಲಸ ಮಾಡಿದವರು ತಮ್ಮ ತಪ್ಪಿನ ಲೆಕ್ಕವನ್ನು ಜಗತ್ತಿನ ಮುಂದಿಟ್ಟರು. ಇವರು ನಮ್ಮ ನೂರಾರು ಸದಸ್ಯರ ಮುಂದಿಟ್ಟರೆ ಸಾಕು.

ಸಂಸ್ಥೆಯವರಿಗೆ ಈ ವಿಚಾರಗಳನ್ನು ಮಂಡಳಿಯ ಪರವಾಗಿ ಆಗಲೇ ಬರೆದು ತಿಳಿಸಿದ್ದೇವೆ. ಮೂರು ನಾಲ್ಕಕ್ಕೆ ಒಪ್ಪಿದ್ದಾರೆ, ಮಿಕ್ಕದ್ದಕ್ಕೆ ಸಮಯ ಕೇಳಿದ್ದಾರೆ. ಅವರು ಪೂರ್ತಿ ಒಪ್ಪದೆ ಹೋದರೂ ಮಕ್ಕಳನ್ನು ನಡುನೀರಿನಲ್ಲಿ ಬಿಡುವ ಹಾಗಿಲ್ಲ. ನಮ್ಮ ಸಂಘದ ಲಾಭಾಂಶದಲ್ಲಿ ಧರ್ಮಾರ್ಥ ಕೆಲಸಕ್ಕೆಂದು ಎತ್ತಿಡುವ ಹಣದಿಂದ ನಲವತ್ತಲ್ಲದಿದ್ದರೂ ಹತ್ತು ಮನೆಗಾದರೂ ಈ ವರ್ಷವೇ ಶುರು ಮಾಡಬಹುದೇ ಎಂಬುದನ್ನೂ ಮಹಾಸಭೆ ಯೋಚಿಸಬೇಕೆಂದು ಕೇಳಿಕೊಳ್ಳುತ್ತೇವೆ. ನಾವೇ ಕೊಡುವಾಗಲೂ ಇದೇ ಎಂಟು ಷರತ್ತು ನಮಗೂ ಅನ್ವಯಿಸಬೇಕು.

ಸದಸ್ಯ ಬಾಂಧವರೇ, 1995ರಲ್ಲಿ ಅಂತಾರಾಷ್ಟ್ರೀಯ ಸಹಕಾರ ಒಕ್ಕೂಟ ಮ್ಯಾಂಚೆಸ್ಟರಿನಲ್ಲಿ ಒಪ್ಪಿದ ಏಳು ಸಹಕಾರ ತತ್ವಗಳಲ್ಲಿ ಎರಡನೆಯದು ಸದಸ್ಯರ ಪ್ರಜಾಸತ್ತಾತ್ಮಕ ಹತೋಟಿ, ಏಳನೆಯದು ಸಮುದಾಯದ ಬಗ್ಗೆ ಕಾಳಜಿ. ಕಾಳಜಿಯ ಹೆಸರಿನಲ್ಲಿ ಹತೋಟಿ ಕೈತಪ್ಪಬಾರದು. ಇಪ್ಪತ್ತು ಲೀಟರ್ ಹಾಕುವವರಿಗೂ ಎರಡು ಲೀಟರ್ ಹಾಕುವವರಿಗೂ ಇಲ್ಲಿ ಒಂದೇ ಓಟು. ಯಂತ್ರಕ್ಕೆ ಓಟಿಲ್ಲ. ಅದು ನಮ್ಮ ಹಾಲು ಪರೀಕ್ಷೆ ಯಂತ್ರದ ಹಾಗೆ ಮೇಜಿನ ಮೇಲಿರಲಿ, ನಾವು ತೊಳೆದು, ಹೊಂದಿಸಿ, ಪರೀಕ್ಷೆ ಮಾಡಿ ಬಳಸೋಣ. ಅಧ್ಯಕ್ಷರ ಕುರ್ಚಿಯಲ್ಲಿ ಅದನ್ನು ಕೂರಿಸುವುದು ಬೇಡ.

ಮಹಾಸಭೆಯ ದಿನ ಎಲ್ಲರೂ ತಪ್ಪದೆ ಬನ್ನಿ. ಗಂಡಸರು ಮಾತ್ರ ಬಂದು ಸಹಿ ಹಾಕಿ ಹೋಗುವುದಲ್ಲ, ಹಾಲು ಕರೆಯುವ ತಾಯಂದಿರೂ ಬಂದು ಮಾತಾಡಬೇಕು. ಯಾವ ಮನೆಯಲ್ಲಿ ಒಲೆ ಹತ್ತಿಲ್ಲ ಎಂಬುದು ಯಂತ್ರಕ್ಕಿಂತಲೂ ನಮಗಿಂತಲೂ ಮೊದಲು ತಿಳಿಯುವುದು ನಿಮಗೆ.



ಜೈ ಕರ್ನಾಟಕ. ಜೈ ಸಹಕಾರ.